ಚುಚ್ಚುಮದ್ದಿಗೆ ಮಗಳಿಗಿಂತ ಮೊದಲು ನಾನೇ ಅತ್ತೆ

ಪ್ರಶ್ನೆ: ನನಗೆ 32 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಕೆಲಸ. ಮಗಳಿಗೆ ಏಳು ತಿಂಗಳು. ಬಾಣಂತನ ಮುಗಿಸಿ ಹೆಂಡತಿ ತಿಪಟೂರಿನಿಂದ ಬಂದು ಎರಡೂವರೆ ತಿಂಗಳಾಯಿತು. ದೊಡ್ಡವನಾದ ಮೇಲೆ ನಾನು ಅತ್ತಿದ್ದೇ ನೆನಪಿಲ್ಲ. ಅಜ್ಜಿ ತೀರಿಕೊಂಡಾಗಲೂ ಕಣ್ಣು ಒದ್ದೆಯಾಗಿರಲಿಲ್ಲ. ಈಗ ಏನಾಗಿದೆಯೋ ಗೊತ್ತಿಲ್ಲ. ಒಂದೂವರೆ ತಿಂಗಳಿನ ಚುಚ್ಚುಮದ್ದಿಗೆ ಮಗಳಿಗಿಂತ ಮೊದಲು ನಾನೇ ಅತ್ತೆ. ನರ್ಸ್ ನಕ್ಕುಬಿಟ್ಟರು. ಬೋರ್‌ವೆಲ್‌ಗೆ ಮಗು ಬಿದ್ದ ಸುದ್ದಿ ಟಿವಿಯಲ್ಲಿ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ಸೋಪಿನ ಜಾಹೀರಾತಿಗೂ ಗಂಟಲು ಕಟ್ಟುತ್ತದೆ. ನಮ್ಮಪ್ಪ ನೋಡಿ "ಏನೋ ಇದು, ಹೆಂಗಸರ ಥರ" ಅಂದರು. ಟೆಸ್ಟೋಸ್ಟೆರಾನ್ ಕಡಿಮೆಯಾಗಿರಬೇಕು, ಟೆಸ್ಟ್ ಮಾಡಿಸು ಅಂತ ಗೆಳೆಯ ಹೇಳುತ್ತಾನೆ. ಇದು ಕಾಯಿಲೆಯಾ? ಮುಂದೆಯೂ ಹೀಗೇ ಇರುತ್ತಾ?

ಉತ್ತರ: ಮೊದಲು ನಿಮ್ಮ ಗೆಳೆಯನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ಸರಿ. ಗಂಡಸರ ಹಾರ್ಮೋನ್ ಅನ್ನುವ ಟೆಸ್ಟೋಸ್ಟೆರಾನ್ ನಿಮ್ಮಲ್ಲಿ ಇಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಟೆಸ್ಟ್ ಬೇಡ.

ಫಿಲಿಪ್ಪೀನ್ಸ್‌ನಲ್ಲಿ ಸೆಬು ಅಂತ ಒಂದು ನಗರ. 2005ರಲ್ಲಿ ಅಲ್ಲಿ ಇಪ್ಪತ್ತೊಂದು ದಾಟಿದ 624 ಹುಡುಗರ ಜೊಲ್ಲು ತೆಗೆದು ಟೆಸ್ಟೋಸ್ಟೆರಾನ್ ಅಳೆದರು. ನಾಲ್ಕು ವರ್ಷ ಬಿಟ್ಟು, 2009ರಲ್ಲಿ, ಅವರದ್ದೇ ಮತ್ತೆ ಅಳೆದರು. ಅಷ್ಟರಲ್ಲಿ ಕೆಲವರಿಗೆ ಸಂಸಾರ, ಮಗು ಆಗಿತ್ತು. ಕೆಲವರು ಒಂಟಿಯಾಗಿಯೇ ಇದ್ದರು. ಅಪ್ಪಂದಿರಾದವರಲ್ಲಿ ಬೆಳಗಿನ ಮಟ್ಟ ಸುಮಾರು ಶೇ. 26, ಸಂಜೆಯ ಮಟ್ಟ ಸುಮಾರು ಶೇ. 34 ಇಳಿದಿತ್ತು. ಒಂಟಿಯಾಗಿದ್ದವರಲ್ಲಿ ಇಳಿಕೆ ಅದರ ಅರ್ಧದಷ್ಟೂ ಇರಲಿಲ್ಲ. ಮನೆಯಲ್ಲಿ ಹಸುಗೂಸು ಇದ್ದವರಲ್ಲಂತೂ ಇನ್ನೂ ಜಾಸ್ತಿ ಇಳಿದಿತ್ತು.

ನಿಮ್ಮ ಗೆಳೆಯನಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. ಇದೇ ಅಧ್ಯಯನದಲ್ಲಿ, ಶುರುವಿನಲ್ಲಿ ಯಾರ ಟೆಸ್ಟೋಸ್ಟೆರಾನ್ ಹೆಚ್ಚಿತ್ತೋ ಅವರೇ ಮುಂದೆ ಸಂಸಾರವಂದಿಗರಾಗುವುದು ಹೆಚ್ಚಾಗಿ ಕಂಡಿತ್ತು. ಅಂದರೆ 'ಗಂಡಸ್ತನ' ಕಡಿಮೆ ಇದ್ದವರು ಮೆತ್ತಗಾದದ್ದಲ್ಲ. ಜೋರಾಗಿ ಇದ್ದದ್ದೇ ಮಗು ಬಂದ ಮೇಲೆ ತಗ್ಗಿತು. ಜೊತೆಗೆ, ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದ ಅಪ್ಪಂದಿರ ಮಟ್ಟ, ಮಗುವಿನ ಕೆಲಸಕ್ಕೇ ಕೈ ಹಾಕದ ಅಪ್ಪಂದಿರಿಗಿಂತ ಕಡಿಮೆ ಇತ್ತು. ಈ ಮೂರು ಗಂಟೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಟೆಸ್ಟ್ ಯಾಕೆ ಬೇಡ ಅಂದರೆ, ಚೀಟಿಯಲ್ಲಿ ಸಂಖ್ಯೆ ಸ್ವಲ್ಪ ಕೆಳಗೆ ಕಂಡರೆ ಇಂಜೆಕ್ಷನ್, ಜೆಲ್ ಅಂತ ಸಲಹೆ ಕೊಡುವವರು ಈಗ ಬೀದಿಗೊಬ್ಬರು ಸಿಗುತ್ತಾರೆ. ಜಿಮ್‌ನಲ್ಲೇ ಸಿಗುತ್ತಾರೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ದೇಹ ತನ್ನದನ್ನು ಮಾಡುವುದು ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಎರಡನೇ ಮಗು ಬೇಕು ಅಂದುಕೊಂಡವರಿಗೆ ಇದು ಬೇರೆಯೇ ತಲೆನೋವು. ಆಸಕ್ತಿಯೇ ಇಲ್ಲ, ಮೈಯಲ್ಲಿ ಶಕ್ತಿಯೇ ಇಲ್ಲ ಅಂತ ತಿಂಗಳುಗಟ್ಟಲೆ ಅನಿಸಿದರೆ ಆಗ ವೈದ್ಯರ ಹತ್ತಿರ ಹೋಗಿ. ಬರೀ ಕಣ್ಣೀರಿಗೆ ರಕ್ತ ಕೊಡಬೇಡಿ.

ಟೆಸ್ಟೋಸ್ಟೆರಾನ್‌ಗೂ ಕಣ್ಣೀರಿಗೂ ಸಂಬಂಧವೇ ಇಲ್ಲವಾ ಅಂದರೆ, ಇರುವಂತೆ ಕಾಣುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಈ ಹಾರ್ಮೋನನ್ನು ತೀರಾ ತಗ್ಗಿಸುವ ಚಿಕಿತ್ಸೆ ಕೊಡುತ್ತಾರೆ. ಅದನ್ನು ಪಡೆದ ಕೆಲವು ಗಂಡಸರು "ಸುಮ್ಸುಮ್ನೆ ಅಳು ಬರುತ್ತೆ ಡಾಕ್ಟ್ರೇ" ಅನ್ನುತ್ತಾರೆ. ಆದರೆ ನಿಮ್ಮ ಅಳು ಸುಮ್ಸುಮ್ನೆ ಬಂದದ್ದಲ್ಲ. ನೀವೇ ಬರೆದ ಪಟ್ಟಿ ನೋಡಿ: ಮಗಳಿಗೆ ಸೂಜಿ, ಬೋರ್‌ವೆಲ್‌ನಲ್ಲಿ ಮಗು, ಜಾಹೀರಾತಿನಲ್ಲೂ ಬಹುಶಃ ಮಗುವೇ. ಮಗು ಇದ್ದ ಕಡೆಯೇ ನಿಮ್ಮ ಕಣ್ಣು ತುಂಬುತ್ತಿದೆ. ಸಾಲದ ಕಂತು ನೆನೆದು ಅತ್ತೆ ಅಂತ ನೀವು ಬರೆದಿಲ್ಲ. ಹಾರ್ಮೋನ್ ಬಾಗಿಲ ಚಿಲಕ ಸಡಿಲ ಮಾಡಿರಬಹುದು. ಬಾಗಿಲು ನೂಕುತ್ತಿರುವುದು ಮಗಳು.

ಏರುವ ಹಾರ್ಮೋನುಗಳೂ ಇವೆ. ಆಕ್ಸಿಟೋಸಿನ್ ಅಂದರೆ ಹೆರಿಗೆ ನೋವು ಬರಿಸುವ, ಎದೆಹಾಲು ಇಳಿಸುವ ಹಾರ್ಮೋನ್ ಅಂತ ಎಲ್ಲರಿಗೂ ಗೊತ್ತು. 2010ರಲ್ಲಿ ಇಸ್ರೇಲಿನ ರೂತ್ ಫೆಲ್ಡ್‌ಮನ್ ತಂಡ 80 ಹೊಸ ಜೋಡಿಗಳಲ್ಲಿ ಇದನ್ನು ಅಳೆಯಿತು. ಮೊದಲ ಆರು ತಿಂಗಳಲ್ಲಿ ಅಮ್ಮಂದಿರಲ್ಲೂ ಏರಿತು, ಅಪ್ಪಂದಿರಲ್ಲೂ ಏರಿತು. ಮಟ್ಟದಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ! ಹೊಟ್ಟೆಯಲ್ಲಿ ಹೊರದ, ಹಾಲು ಕೊಡದ ಗಂಡಸಿಗೆ ಅಷ್ಟೇ ಆಕ್ಸಿಟೋಸಿನ್ ಎಲ್ಲಿಂದ ಬಂತು? ಮಗುವಿನ ಜೊತೆಗಿನ ಒಡನಾಟದಿಂದ ಅಂತ ಕಾಣುತ್ತದೆ. ಅಮ್ಮಂದಿರಲ್ಲಿ ಮುದ್ದು ಮಾಡುವುದು, ನೇವರಿಸುವುದು, ಅದರದ್ದೇ ಧಾಟಿಯಲ್ಲಿ ಮಾತಾಡಿಸುವುದು ಆಕ್ಸಿಟೋಸಿನ್ ಜೊತೆ ಹೊಂದಿಕೊಂಡಿತ್ತು. ಅಪ್ಪಂದಿರಲ್ಲಿ ಎತ್ತಿ ಕುಣಿಸುವುದು, ಆಟದ ಸಾಮಾನು ತೋರಿಸಿ ಕೆರಳಿಸುವುದು. "ಮಗೂನ ಹಾಗೆ ಮೇಲಕ್ಕೆ ಹಾರಿಸ್ಬೇಡ್ರೀ" ಅಂತ ಮನೆಯಲ್ಲಿ ಬೈಸಿಕೊಳ್ಳುತ್ತೀರಲ್ಲ, ಆ ಆಟಕ್ಕೂ ಹೀಗೊಂದು ಹಿನ್ನೆಲೆ ಇದೆ. (ಬೈಗುಳ ನ್ಯಾಯವೇ. ಏಳು ತಿಂಗಳಿನ ಮಗುವಿನ ಕತ್ತು ಇನ್ನೂ ಎಳಸು. ಕುಣಿಸಿ, ಹಾರಿಸಬೇಡಿ, ಅಲುಗಿಸಲೇಬೇಡಿ.)

ಈಗ ಮೂರು ಗಂಟೆಯ ಮಾತು. ಅಪ್ಪನಾದ ಕ್ಷಣದಲ್ಲಿ ಗಂಡಸಿನ ಮನಸ್ಸು ತಾನಾಗಿ ಕರಗಿಬಿಡುತ್ತದೆ ಎನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿದ ಕೂಸನ್ನು ಕೈಗೆ ಕೊಟ್ಟಾಗ ಏನೂ ಅನಿಸಲೇ ಇಲ್ಲ, ಭಯ ಬಿಟ್ಟು, ಅಂತ ನನ್ನ ಮುಂದೆ ತಪ್ಪು ಒಪ್ಪಿಕೊಂಡವರ ಹಾಗೆ ಹೇಳಿದ ಅಪ್ಪಂದಿರು ಬಹಳ. ತಪ್ಪೇನಿಲ್ಲ. ಎಷ್ಟೋ ಗಂಡಸರಲ್ಲಿ ಅದು ಆಮೇಲೆ, ನಿಧಾನಕ್ಕೆ ಬರುತ್ತದೆ. ಎತ್ತಿಕೊಂಡು ಎತ್ತಿಕೊಂಡು ಬರುತ್ತದೆ.

ಟಾಂಜಾನಿಯಾದಲ್ಲಿ ಅಕ್ಕಪಕ್ಕ ಬದುಕುವ ಎರಡು ಜನಾಂಗಗಳಿವೆ. ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಜೇನು ತಂದು ಬದುಕುವವರು. ಅಲ್ಲಿ ಅಪ್ಪಂದಿರು ಕೂಸುಗಳನ್ನು ಎತ್ತಿ ಆಡಿಸುತ್ತಾರೆ. ದಟೋಗರು ದನ ಸಾಕುವವರು. ಕೂಸು ನೋಡಿಕೊಳ್ಳುವುದು ಅವರಲ್ಲಿ ಹೆಂಗಸರ ಕೆಲಸ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಡ್ಜಾ ಅಪ್ಪಂದಿರ ಟೆಸ್ಟೋಸ್ಟೆರಾನ್ ಮಕ್ಕಳಿಲ್ಲದ ಹಾಡ್ಜಾ ಗಂಡಸರಿಗಿಂತ ಕಡಿಮೆ ಇತ್ತು. ದಟೋಗರಲ್ಲಿ ಅಪ್ಪಂದಿರಿಗೂ ಮಕ್ಕಳಿಲ್ಲದವರಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ಇಬ್ಬರೂ ಅಪ್ಪಂದಿರೇ. ಮಗು ಹುಟ್ಟಿದ್ದು ಸಾಲದು, ಕೈಗೆ ಬರಬೇಕು.

ಮಿದುಳಿನ ಕಥೆಯೂ ಹೀಗೇ ಇದೆ. 2014ರಲ್ಲಿ ಫೆಲ್ಡ್‌ಮನ್ ತಂಡವೇ ಮೊದಲ ಮಗುವಿನ 89 ತಂದೆತಾಯಿಗಳ ಎಂಆರ್‌ಐ ತೆಗೆಯಿತು. ಮಗುವಿನ ಜೊತೆಗಿನ ತಮ್ಮದೇ ವಿಡಿಯೊವನ್ನು ಅವರಿಗೆ ತೋರಿಸಿದರು. ಮುಖ್ಯವಾಗಿ ಮಗು ನೋಡಿಕೊಳ್ಳುವ ಅಮ್ಮಂದಿರಲ್ಲಿ ಅಮಿಗ್ಡಲಾ ಎಂಬ ಭಾಗ ಜೋರಾಗಿ ಕೆಲಸ ಮಾಡುತ್ತಿತ್ತು. ಮಗು ಸ್ವಲ್ಪ ಮಿಸುಕಾಡಿದರೂ ನಿದ್ದೆಯಿಂದ ಎಬ್ಬಿಸುವ ಕಾವಲುಗಾರ ಅಂದುಕೊಳ್ಳಿ. ಅಮ್ಮನಿಗೆ ಕೈ ಜೋಡಿಸುವ ಅಪ್ಪಂದಿರಲ್ಲಿ ಬೇರೆ ಭಾಗ ಚುರುಕಾಗಿತ್ತು: ಎದುರಿಗಿರುವವರ ಮುಖ, ಹಾವಭಾವ ನೋಡಿ ಅರ್ಥ ಮಾಡಿಕೊಳ್ಳುವ ಭಾಗ. ಮೂರನೆಯ ಗುಂಪೂ ಇತ್ತು. ಮನೆಯಲ್ಲಿ ಹೆಂಗಸೇ ಇಲ್ಲದೆ, ಇಬ್ಬರು ಗಂಡಸರು ಹುಟ್ಟಿದಾರಭ್ಯ ಮಗು ಬೆಳೆಸುತ್ತಿದ್ದ ಮನೆಗಳು. ಆ ಅಪ್ಪಂದಿರಲ್ಲಿ ಎರಡೂ ಭಾಗ ಚುರುಕು. ಅಮಿಗ್ಡಲಾ ಅಮ್ಮಂದಿರಷ್ಟೇ ಎಚ್ಚರ. ಎರಡು ಭಾಗಗಳ ನಡುವಿನ ನಂಟು, ಅಪ್ಪ ಮಗುವಿನ ಜೊತೆ ಕಳೆದ ಹೊತ್ತಿಗೆ ತಕ್ಕಂತೆ ಗಟ್ಟಿಯಾಗಿತ್ತು.

ಸ್ಪೇನ್ ಮತ್ತು ಕ್ಯಾಲಿಫೋರ್ನಿಯಾದ 40 ಹೊಸ ಅಪ್ಪಂದಿರ ಮಿದುಳನ್ನು ಮಗು ಹುಟ್ಟುವ ಮೊದಲು, ಆಮೇಲೆ ಎರಡೂ ಸಲ ನೋಡಿದ ಅಧ್ಯಯನ 2022ರಲ್ಲಿ ಬಂತು. ಮಿದುಳಿನ ಹೊರಪದರದ ಕೆಲವು ಜಾಗಗಳು ಚೂರು ಕುಗ್ಗಿದ್ದವು. ಕುಗ್ಗುವುದು ಎಂದರೆ ಹಾಳಾಗುವುದಲ್ಲ, ಗಿಡ ಸವರಿದ ಹಾಗೆ ಅಂತ ಸಂಶೋಧಕರ ಊಹೆ. ಅಮ್ಮಂದಿರಲ್ಲಿ ಕಾಣುವಷ್ಟು ದೊಡ್ಡ ಬದಲಾವಣೆ ಅದಲ್ಲ, ಒಬ್ಬರಿಂದೊಬ್ಬರಿಗೆ ವ್ಯತ್ಯಾಸವೂ ಬಹಳ. ಹಾಗಾಗಿ ಇದರ ಮೇಲೆ ನಾನು ಜಾಸ್ತಿ ಭಾರ ಹಾಕುವುದಿಲ್ಲ.

ಅದಕ್ಕಿಂತ ನನಗೆ ಇಷ್ಟವಾದದ್ದು 2013ರ ಒಂದು ಸರಳ ಪರೀಕ್ಷೆ. ಕೂಸುಗಳಿಗೆ ಸ್ನಾನ ಮಾಡಿಸುವಾಗಿನ ಅಳುವನ್ನು ರೆಕಾರ್ಡ್ ಮಾಡಿ, ಹಲವು ಅಳುಗಳ ನಡುವೆ ಸೇರಿಸಿ, ನಿಮ್ಮ ಮಗು ಯಾವುದು ಅಂತ ಕೇಳಿದರು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮಗುವಿನ ಜೊತೆ ಇರುವ ಅಪ್ಪಂದಿರು ಅಮ್ಮಂದಿರಷ್ಟೇ ಸರಿಯಾಗಿ ಹೇಳಿದರು. ಅದಕ್ಕಿಂತ ಕಡಿಮೆ ಹೊತ್ತು ಇರುವವರು ಹೆಚ್ಚು ತಪ್ಪಿದರು. 'ಹೆತ್ತ ಕರುಳು' ಅಂತೇವಲ್ಲ, ಅದರಲ್ಲಿ ಹೆತ್ತದ್ದರಷ್ಟೇ ಹೊತ್ತು ತಿರುಗಿದ್ದರ ಪಾಲೂ ಇದೆ.

ನಮ್ಮ ಕಡೆ ಇದಕ್ಕೆ ಅಡ್ಡ ಬರುವುದು ನಮ್ಮದೇ ಪದ್ಧತಿ. ಬಾಣಂತನಕ್ಕೆ ತವರು. ಅಮ್ಮನ ಕೈಯ ಬಿಸಿನೀರು, ಬೆಳ್ಳುಳ್ಳಿ ಸಾರು, ಎಣ್ಣೆ ಹಚ್ಚಿ ಮಗುವಿಗೆ ಎರೆಯುವ ಅಜ್ಜಿ. ಹೆತ್ತವಳಿಗೆ ಅದು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಪ್ಪ? ಅಳಿಯ ಅಂದರೆ ನೆಂಟ. ಶನಿವಾರ ಬಂದು ಭಾನುವಾರ ಹೋಗುವವನು. ಕಾಫಿ ಕೊಡುತ್ತಾರೆ, ಮಗು ಕೊಡುವುದಿಲ್ಲ. ಪುರುಡು ಕಳೆಯಲಿ, ತೊಟ್ಟಿಲಿಗೆ ಹಾಕಲಿ, ಕತ್ತು ನಿಲ್ಲಲಿ ಅಂತ ಒಂದಾದ ಮೇಲೊಂದು ಕಾರಣ. ಕಾನೂನೂ ಹೆಚ್ಚುಕಡಿಮೆ ಅತ್ತೆಮನೆಯ ಹಾಗೇ ಇದೆ. 2017ರ ತಿದ್ದುಪಡಿಯ ನಂತರ ಅಮ್ಮಂದಿರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ. ಕೇಂದ್ರ ಸರ್ಕಾರದ ಗಂಡು ನೌಕರರಿಗೆ 15 ದಿನ. ಖಾಸಗಿಯಲ್ಲಿರುವ ಅಪ್ಪಂದಿರಿಗೆ ಕೊಡಲೇಬೇಕು ಎನ್ನುವ ಕಾನೂನಿಲ್ಲ, ಕಂಪನಿಯ ಮನಸ್ಸು.

ನನ್ನದೇ ಹೇಳುತ್ತೇನೆ. ಮೊದಲ ಮಗ ಹುಟ್ಟಿದಾಗ ನಾನಿನ್ನೂ ಪಿ.ಜಿ. ಮಾಡುತ್ತಿದ್ದೆ. ಹೆಂಡತಿಯ ತವರು ಸಾಗರದ ಹತ್ತಿರ. ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸು ಹತ್ತಿ ಹೋಗುತ್ತಿದ್ದೆ. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎತ್ತಿಕೊಂಡರೆ ಅವನು ನನ್ನ ಮುಖ ನೋಡಿ ಕಿರುಚಿದ. ಮಾವನವರ ಕೈಗೆ ಹೋದ ತಕ್ಷಣ ಸುಮ್ಮನಾದ. ಎಲ್ಲರೂ ನಕ್ಕರು, ನಾನೂ ನಕ್ಕೆ. ವಾಪಸ್ ಬಸ್ಸಿನಲ್ಲಿ ಶಿವಮೊಗ್ಗದವರೆಗೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆ. ಐದು ವರ್ಷದ ಮೇಲೆ ಮಗಳು. ಅತ್ತೆಗೆ ಆಗ ಮಂಡಿ ನೋವು, ಬಾಣಂತನ ನಮ್ಮ ಮನೆಯಲ್ಲೇ ಆಯಿತು. ರಾತ್ರಿ ಎರಡರ ಪಾಳಿ ನನ್ನದು. ಹಾಲು ಕುಡಿಸಿ ಅವಳು ಮಲಗಿದರೆ, ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೆ ಓಡಾಡುವುದು ನಾನು. ಎಷ್ಟು ರಾತ್ರಿ ಶಪಿಸಿದ್ದೇನೋ. ಆದರೆ ಮಗಳ ವಿಷಯದಲ್ಲಿ ನಾನು ಕಣ್ಣೀರಿಗೆ ಹತ್ತಿರ, ಮಗನ ವಿಷಯದಲ್ಲಿ ಅಷ್ಟಿಲ್ಲ. ಪ್ರೀತಿಯಲ್ಲಿ ಭೇದ ಅಂತ ಬಹಳ ವರ್ಷ ನನ್ನ ಮೇಲೆ ನನಗೇ ಬೇಸರವಿತ್ತು. ಈಗ ಅನಿಸುತ್ತದೆ, ವ್ಯತ್ಯಾಸ ಆ ರಾತ್ರಿ ಪಾಳಿಗಳದ್ದು.

ನಿಮ್ಮ ಹೆಂಡತಿ, ಮಗಳು ಬಂದು ಎರಡೂವರೆ ತಿಂಗಳಾಗಿದೆ ಅಂದಿದ್ದೀರಿ. ಚುಚ್ಚುಮದ್ದಿನ ದಿನ ಅತ್ತದ್ದು ಅದಕ್ಕೂ ಮೊದಲೇ, ನಿಜ. ಆದರೆ ಜಾಹೀರಾತು, ಸುದ್ದಿ ಇವೆಲ್ಲ ಜಾಸ್ತಿಯಾದದ್ದು ಯಾವಾಗಿನಿಂದ ಅಂತ ಒಮ್ಮೆ ಯೋಚಿಸಿ. ಅವರು ಬಂದ ಮೇಲೆ ಅಂತಾದರೆ ನನಗೆ ಆಶ್ಚರ್ಯವಿಲ್ಲ.

ನಿದ್ದೆಯನ್ನೂ ಲೆಕ್ಕಕ್ಕೆ ಸೇರಿಸಿ. 2007ರಲ್ಲಿ ಅಮೆರಿಕದಲ್ಲಿ 26 ಆರೋಗ್ಯವಂತ ಯುವಕ ಯುವತಿಯರಲ್ಲಿ ಕೆಲವರನ್ನು 35 ಗಂಟೆ ಎಚ್ಚರ ಇರಿಸಿ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿದರು. ಚೆನ್ನಾಗಿ ಮಲಗಿದವರಿಗಿಂತ ಅವರ ಅಮಿಗ್ಡಲಾ ಸುಮಾರು ಶೇ. 60 ಹೆಚ್ಚು ಕೆರಳಿತು. ಅದಕ್ಕೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗದ ಜೊತೆಗಿನ ಸಂಪರ್ಕವೂ ಸಡಿಲವಾಗಿತ್ತು. ಏಳು ತಿಂಗಳ ಕೂಸಿನ ಅಪ್ಪನಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಭಾನುವಾರ ಸತತವಾಗಿ ಆರು ಗಂಟೆ ಮಲಗಿ ನೋಡಿ. ಸೋಪಿನ ಜಾಹೀರಾತು ಬರೀ ಸೋಪಿನ ಜಾಹೀರಾತಾಗಿ ಕಾಣಬಹುದು. ಆಮೇಲೆ ಅದೇ ಆರು ಗಂಟೆ ಹೆಂಡತಿಗೂ ಕೊಡಿ.

'ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು' ಅಂತ ನಮ್ಮಲ್ಲೊಂದು ಗಾದೆ. ಗಾದೆಗಳೆಲ್ಲ ಅನುಭವದ ಸಾರ ಅನ್ನುವವರು ಇದನ್ನೊಮ್ಮೆ ನೋಡಬೇಕು. ಇಂಥ ಮಾತು ಕೇಳಿ ಬೆಳೆದ ಹುಡುಗರು ಅಳುವುದನ್ನು ಬಿಡುವುದಿಲ್ಲ, ಅಳುವ ಜಾಗ ಬದಲಿಸುತ್ತಾರೆ. ಬಾತ್‌ರೂಮು, ಹೆಲ್ಮೆಟ್ಟಿನ ಒಳಗೆ, ಬಾರು. 1980ರ ದಶಕದಲ್ಲಿ ಅಮೆರಿಕದ ವಿಲಿಯಂ ಫ್ರೇ ಜನರಿಗೆ ಅಳುವಿನ ಡೈರಿ ಬರೆಯಲು ಕೊಟ್ಟರು. ಹೆಂಗಸರು ತಿಂಗಳಿಗೆ ಸರಾಸರಿ ಐದು ಸಲ, ಗಂಡಸರು ಒಂದೂಕಾಲು ಒಂದೂವರೆ ಸಲ ಅತ್ತಿದ್ದರು. ಕಡಿಮೆ, ಆದರೆ ಸೊನ್ನೆಯಲ್ಲ. ವರ್ಷಗಟ್ಟಲೆ ಸೊನ್ನೆ ಇದ್ದವರು ನೀವು. ಅಜ್ಜಿ ಹೋದಾಗಲೂ ಅಳಲಿಲ್ಲ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲು. ಈಗ ಬರುತ್ತಿರುವ ಕಣ್ಣೀರಿನಲ್ಲಿ ಅವರದ್ದೂ ಸ್ವಲ್ಪ ಇರಬಹುದು. ಮಗುವಿಗೆ ಹಾಲು ಕುಡಿಸುವಾಗ, ತೂಗುವಾಗ, ನಮ್ಮನ್ನು ತೂಗಿದವರು ನೆನಪಾಗುತ್ತಾರೆ. ಹಳೆಯದನ್ನೆಲ್ಲ ಅತ್ತು ತೀರಿಸುವ ಅಪ್ಪಂದಿರನ್ನು ನಾನು ಎಷ್ಟೋ ನೋಡಿದ್ದೇನೆ.

ಇನ್ನು ಎಚ್ಚರ ಬೇಕಾದ ವಿಷಯ. ನನಗೆ ಚಿಂತೆ ಹುಟ್ಟಿಸುವುದು ಚುಚ್ಚುಮದ್ದಿಗೆ ಅಳುವ ಅಪ್ಪ ಅಲ್ಲ. ಮಗುವನ್ನು ಎತ್ತಿಕೊಂಡರೂ ಏನೂ ಅನಿಸದೆ, ಆರು ತಿಂಗಳಾದರೂ ಮನೆಗೆ ಬೇಗ ಬರಲು ಮನಸ್ಸಿಲ್ಲದೆ, ಆಫೀಸಿನಲ್ಲೇ ಕೆಲಸ ಹುಡುಕಿಕೊಂಡು ಕೂರುವವನು. ಸಣ್ಣದಕ್ಕೆ ಸಿಡಿಯುವವನು. ವಾರಕ್ಕೊಂದು ದಿನವಿದ್ದ ಕುಡಿತ ದಿನಾ ಆದವನು. ತಲೆನೋವು, ಎದೆ ಹಿಡಿತ ಅಂತ ಇಸಿಜಿ ಮಾಡಿಸಿ, ಎಲ್ಲ ಸರಿ ಇದೆ ಎಂದರೂ ಮತ್ತೆ ಮಾಡಿಸುವವನು. ಹೆರಿಗೆಯ ನಂತರದ ಖಿನ್ನತೆ ಅಮ್ಮಂದಿರಿಗೆ ಮಾತ್ರ ಅಲ್ಲ. 2010ರಲ್ಲಿ 43 ಅಧ್ಯಯನಗಳ 28,000 ಜನರ ಮಾಹಿತಿ ಒಟ್ಟು ಮಾಡಿ ನೋಡಿದಾಗ, ಹೆರಿಗೆಯ ಹಿಂದುಮುಂದಿನ ತಿಂಗಳುಗಳಲ್ಲಿ ಸುಮಾರು ಶೇ. 10 ಅಪ್ಪಂದಿರಲ್ಲಿ ಖಿನ್ನತೆ ಕಂಡಿತು. ಮಗುವಿಗೆ ಮೂರರಿಂದ ಆರು ತಿಂಗಳಾಗುವ ಹೊತ್ತಿಗೆ ಅತಿ ಹೆಚ್ಚು. ಅಮ್ಮನಿಗೆ ಖಿನ್ನತೆ ಇದ್ದ ಮನೆಯಲ್ಲಿ ಅಪ್ಪನಿಗೂ ಬರುವ ಸಾಧ್ಯತೆ ಹೆಚ್ಚು.

ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ. ಆದರೆ ಪತ್ರದಲ್ಲಿ ಎಲ್ಲ ಬರೆಯುವುದಿಲ್ಲ, ಅಲ್ವಾ? ಆದ್ದರಿಂದ ಕೇಳುತ್ತೇನೆ. ಅತ್ತ ಮೇಲೆ ಹಗುರ ಅನಿಸುತ್ತದೆಯೇ, ಇಲ್ಲ ಇನ್ನೂ ಕುಸಿದ ಹಾಗೆಯೇ? ಮಗಳು ನಕ್ಕರೆ ನಿಮಗೂ ನಗು ಬರುತ್ತದೆಯೇ? ಮಗು ಮಲಗಿದರೂ ನಿಮಗೆ ನಿದ್ದೆ ಬರದೆ ಇರುತ್ತದೆಯೇ? ಅವಳಿಗೆ ಏನೋ ಆಗಿಬಿಡುತ್ತದೆ ಎಂಬ ಯೋಚನೆ ದಿನವಿಡೀ ಬಿಡದೆ ಕಾಡುತ್ತದೆಯೇ? ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು ಅಂತ ಎಂದಾದರೂ ಅನಿಸಿತೇ? ಕೊನೆಯದಕ್ಕೆ ಹೌದು ಅಂತಾದರೆ ಇವತ್ತೇ ಯಾರಿಗಾದರೂ ಹೇಳಿ. ಉಳಿದವು ಎರಡು ವಾರಕ್ಕಿಂತ ಹೆಚ್ಚು ಎಳೆದರೆ ತೋರಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಇರುತ್ತಾರೆ. ಹೋಗಲು ಸಂಕೋಚವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಹೆರಿಗೆಯ ನಂತರದ ಖಿನ್ನತೆ ಗುರುತಿಸುವ, ಹತ್ತು ಪ್ರಶ್ನೆಗಳ ಎಡಿನ್‌ಬರೊ ಪಟ್ಟಿ ಕೊಡಬಹುದು. ಅದು ಅಮ್ಮಂದಿರಿಗಾಗಿ ಮಾಡಿದ್ದು. ಗಂಡಸರು ಅಳುವನ್ನು ಒಪ್ಪಿಕೊಳ್ಳುವುದು ಕಡಿಮೆಯಾದ್ದರಿಂದ ಅಪ್ಪಂದಿರಿಗೆ ಕಡಿಮೆ ಅಂಕ ಬಂದರೂ ಗಮನ ಕೊಡುತ್ತೇವೆ. ನೀವು ಒಪ್ಪಿಕೊಂಡಿದ್ದೀರಿ, ನಮ್ಮ ಕೆಲಸ ಸುಲಭ.

ಸುದ್ದಿಯ ವಿಷಯಕ್ಕೆ, ಎದ್ದು ಹೊರಗೆ ಹೋಗುತ್ತೀರಲ್ಲ, ಹಾಗೇ ಮಾಡಿ. ಬೋರ್‌ವೆಲ್‌ಗೆ ಬಿದ್ದ ಮಗುವನ್ನು ಗಂಟೆಗಟ್ಟಲೆ ನೇರಪ್ರಸಾರದಲ್ಲಿ ನೋಡುವ ಗಟ್ಟಿತನ ಯಾರಿಗೂ ಬೇಕಾಗಿಲ್ಲ. ಆಫೀಸಿನಲ್ಲಿ ಗಂಟಲು ಕಟ್ಟಿದರೆ ಒಂದು ಗುಟುಕು ನೀರು ಕುಡಿದು, ನಿಧಾನಕ್ಕೆ ಉಸಿರು ಬಿಡಿ, ಅಷ್ಟೇ ಸಾಕು. ಹೆಂಡತಿಗೆ ಮಾತ್ರ ಮುಚ್ಚಿಡಬೇಡಿ. ಮಗುವಿನ ಬಗ್ಗೆ ತನಗೊಬ್ಬಳಿಗೇ ಇಷ್ಟು ಆತಂಕ, ಗಂಡ ಕಲ್ಲಿನ ಹಾಗೆ ಇದ್ದಾನೆ ಅಂದುಕೊಂಡು ಒಳಗೊಳಗೇ ಬೇಯುವ ಅಮ್ಮಂದಿರು ಬಹಳ ಇದ್ದಾರೆ.

ಮುಂದೆಯೂ ಹೀಗೇ ಇರುತ್ತಾ ಅಂದಿರಿ. ಇಷ್ಟು ತೀವ್ರವಾಗಿ ಇರಲಾರದು. ನಿದ್ದೆ ಸರಿಯಾಗುತ್ತದೆ, ಮಗಳು ಗಟ್ಟಿಯಾಗುತ್ತಾಳೆ, ಹಾರ್ಮೋನು ಮತ್ತೆ ಏರುತ್ತದೆ. ಪೂರ್ತಿ ಹಳೆಯ ನೀವು ಮಾತ್ರ ವಾಪಸ್ ಬರುವುದು ಕಷ್ಟ. ನನ್ನ ಮಗಳಿಗೆ ಈಗ ಇಪ್ಪತ್ತೊಂದು. ಅವಳ ಜ್ವರಕ್ಕೆ ನನ್ನ ಬಿಪಿ ಇವತ್ತಿಗೂ ಏರುತ್ತದೆ.

ನಿಮ್ಮ ತಂದೆಯ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಅವರ ಕಾಲದಲ್ಲಿ ಹಿರಿಯರ ಮುಂದೆ ಸ್ವಂತ ಮಗುವನ್ನು ಎತ್ತಿಕೊಳ್ಳುವುದಕ್ಕೇ ನಾಚಿಕೊಳ್ಳುತ್ತಿದ್ದ ಅಪ್ಪಂದಿರಿದ್ದರು. ಅವರಿಗೆ ಆ ಮೂರು ಗಂಟೆ ಸಿಕ್ಕಿತ್ತೋ ಇಲ್ಲವೋ, ನಿಮ್ಮ ತಾಯಿಯನ್ನು ಕೇಳಿ ನೋಡಿ. ಒಂಬತ್ತು ತಿಂಗಳು ತುಂಬಿದಾಗ ಮಗಳಿಗೆ ದಡಾರದ ಚುಚ್ಚುಮದ್ದು ಇದೆ. ಅದಕ್ಕೆ ತಂದೆಯನ್ನೂ ಕರೆದುಕೊಂಡು ಹೋಗಿ. ಸೂಜಿ ಹಾಕುವಾಗ ಮಗು ಅವರ ತೊಡೆಯ ಮೇಲಿರಲಿ. ಕರ್ಚೀಫ್ ಎರಡು ಇಟ್ಟುಕೊಂಡಿರಿ.